ತೊಗಲು ಮಂಡಿಯ ಎರಡನೆಯ ಮಾಸ್ಟರ್

ಭೋಜರಾಜನಿಗೆ ಹೊಟ್ಟೆಕಿಚ್ಚು ಅಂತ ಹತ್ತಿಕೊಂಡಿದ್ದು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವನು ಯಾರನ್ನು ನೋಡಿಯೂ ಕರುಬಿದವನಲ್ಲ. ತಾಂಬರಂ ಸ್ಟೇಷನ್ನಿನ ರಿಸರ್ವೇಷನ್ ಕೌಂಟರಿನಲ್ಲಿ ಅವನ ಪಕ್ಕ ಕೂತಿದ್ದ ಕಿರಿಯರೆಲ್ಲ ಪ್ರಮೋಷನ್ ತಗೊಂಡು ಎಗ್ಮೋರಿಗೆ ಹೋದರು. ಅವರಿಗೆ ಹಾರ ತರಲು ಹೋದವನೇ ಇವನು. ಷಡ್ಡಕ ಅಣ್ಣಾನಗರದಲ್ಲಿ ಮಹಡಿ ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಹೋಗಿ ಎರಡು ಸಲ ಪಾಯಸ ಬಡಿಸಿಕೊಂಡು ಉಂಡು ಬಂದಿದ್ದ. "ನಿಮಗೆ ಉಪ್ಪು ಖಾರ ಏನೂ ಇಲ್ವಾ? ದೇವರು ಹಾಗೇ ಕಳಿಸಿಬಿಟ್ಟನಾ?" ಎಂದು ಹೆಂಡತಿ ಅಂಬುಜಾ ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದ.

ಅವನಿಗೆ ಉಪ್ಪು ಖಾರ ಇದ್ದದ್ದು ಬೇರೆ ಕಡೆ. ಕ್ರೋಂಪೇಟೆ ಸ್ಟೇಷನ್ನಿನ ಹಿಂಬದಿ, ಮುಚ್ಚಿಹೋದ ಚರ್ಮದ ಕಾರ್ಖಾನೆಯೊಂದರ ಗೋಡೌನು. ಊರವರು ಅದನ್ನು ತೊಗಲು ಮಂಡಿ ಅಂತಲೇ ಕರೆಯುತ್ತಿದ್ದರು. ಅಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಆರಕ್ಕೆ ಕರಾಟೆ ಕ್ಲಾಸು. ಹೊಸದಾಗಿ ಸೇರಿದ ಮಕ್ಕಳು ಮೊದಲ ವಾರ ಮೂಗು ಹಿಡಿದುಕೊಂಡೇ ಪಂಚ್ ಹೊಡೆಯುತ್ತಿದ್ದವು. ಎರಡನೆಯ ವಾರದ ಹೊತ್ತಿಗೆ ನಾತ ಮರೆತುಹೋಗುತ್ತಿತ್ತು. ನಡೆಸುತ್ತಿದ್ದವರು ರೇವಣಸಿದ್ದಪ್ಪ ಮಾಸ್ಟರ್. ಹುಬ್ಬಳ್ಳಿ ಕಡೆಯವರು, ರೈಲ್ವೆ ಶೆಡ್ಡಿನಲ್ಲಿ ಫಿಟ್ಟರ್. ಖರಗ್‌ಪುರಕ್ಕೆ ಟ್ರೇನಿಂಗಿಗೆ ಹೋಗಿದ್ದಾಗ ಅಲ್ಲಿ ಯಾರೋ ಹಿರಿಯರ ಹತ್ತಿರ ಕಲಿತು ಬಂದಿದ್ದ ವಿದ್ಯೆ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮೈಮೇಲೆ ಬಿಳಿ ಕರಾಟೆ ಅಂಗಿ. ಅವರ ತಮಿಳು ಹುಬ್ಬಳ್ಳಿ ರಾಗದಲ್ಲಿ ಹೊರಡುತ್ತಿತ್ತು, ಆದರೆ ಆ ಕೇರಿಯಲ್ಲಿ ಯಾರೂ ನಕ್ಕದ್ದಿಲ್ಲ.

ಯಾಕೆ ನಗಬೇಕು? ಆ ಕೇರಿಯ ಅರ್ಧ ಕೆಲಸ ನಡೆಯುತ್ತಿದ್ದದ್ದೇ ಮಂಡಿಯ ಹುಡುಗರಿಂದ. ಅಮ್ಮನ ಗುಡಿಯಲ್ಲಿ ಆಷಾಢದ ಹೊತ್ತಿಗೆ ಬರುವ ಆಡಿ ತಿಂಗಳ ಗಂಜಿ ಹಂಚುವಾಗ ಸಾಲು ನಿಲ್ಲಿಸುವವರು ಅವರು. ಯಾರ ಮನೆಯಲ್ಲಾದರೂ ಸಾವಾದರೆ ಶಾಮಿಯಾನ ಕಟ್ಟುವವರು ಅವರು. ಪೊಂಗಲ್ ದಿನ ಬೀದಿಯಲ್ಲಿ ಹೆಂಚು ಒಡೆದು ತೋರಿಸುವುದಂತೂ ಇದ್ದೇ ಇತ್ತು.

ಭೋಜರಾಜ ಆ ಶಾಲೆಯ ಮೊಟ್ಟಮೊದಲ ಶಿಷ್ಯ. ಎಂಬತ್ತನಾಲ್ಕರಲ್ಲಿ ಹತ್ತೊಂಬತ್ತರ ಹುಡುಗನಾಗಿ ಸೇರಿದವನು ಆರು ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್ ಕಟ್ಟಿದ. ಆಮೇಲೆ ಮಾಸ್ಟರಿಗೆ ಶಿಫ್ಟ್ ಬಿದ್ದ ದಿನ ಕ್ಲಾಸು ಅವನದು, ಗೋಡೌನಿನ ಕೀಲಿಕೈ ಅವನದು. ಮಕ್ಕಳು ರೇವಣಸಿದ್ದಪ್ಪನವರನ್ನು ಪೆರಿಯ ಮಾಸ್ಟರ್ ಎಂದರೆ ಇವನನ್ನು ಚಿನ್ನ ಮಾಸ್ಟರ್ ಎನ್ನುತ್ತಿದ್ದವು. ದೊಡ್ಡ ಮಾಸ್ಟರ್, ಚಿಕ್ಕ ಮಾಸ್ಟರ್. ಆ ಎರಡನೆಯ ಜಾಗ ಅವನಿಗೆ ಎಷ್ಟು ಹಿತವಾಗಿತ್ತೆಂದರೆ, ಬೇರೆ ಯಾರು ಎಲ್ಲಿಗೆ ಏರಿದರೂ ಅವನಿಗೆ ಬೇಕಿರಲಿಲ್ಲ.

ಶಿವರಂಜನಿ ಬಂದದ್ದು ತೊಂಬತ್ತೊಂಬತ್ತರ ಜೂನ್‌ನಲ್ಲಿ. ತುಮಕೂರಿನ ಹೆಣ್ಣು, ಮದುವೆಯಾಗಿ ಬಂದವಳು. ಗಂಡ ವಿಶ್ವಾರಾಧ್ಯನಿಗೆ ಟಿ. ನಗರದಲ್ಲಿ ಜವಳಿ ಅಂಗಡಿ. ಇವಳು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಏಳು ವರ್ಷದ ಮಗ ಸಾಯಿಯನ್ನು ಕರಾಟೆಗೆ ಹಾಕಿ, ಅವನ ಕ್ಲಾಸು ಮುಗಿಯುವವರೆಗೆ ಬೆಂಚಿನ ಮೇಲೆ ಕೂರುತ್ತಿದ್ದಳು. ಬೇರೆ ತಾಯಂದಿರು ಹೂ ಕಟ್ಟುತ್ತಲೋ ಬೀನ್ಸ್ ಬಿಡಿಸುತ್ತಲೋ ಮಾತಾಡುತ್ತಿದ್ದರೆ, ಇವಳ ಕಣ್ಣು ಮಕ್ಕಳ ಕಾಲಿನ ಮೇಲೆಯೇ. ಎರಡು ತಿಂಗಳು ಇದನ್ನು ನೋಡಿದ ಮಾಸ್ಟರ್ ಒಂದು ದಿನ ಕರೆದರು.

"ಯವ್ವಾ, ಕುಂತು ಕುಂತು ಬೆಂಚು ಸವದೈತಿ. ಎದ್ದು ಬಾ ಇಲ್ಲಿ."

"ನಾನಾ? ಮಾಸ್ಟರ್, ನನಗೆ ಮೂವತ್ತೊಂದು."

"ಕೈಕಾಲಿಗೆ ಏನ್ ಗೊತ್ತು ವಯಸ್ಸು? ನಾವು ಹೇಳಿದ್ರ ತಾನ ಗೊತ್ತಾಗೂದು. ಭೋಜ್ಯಾ, ಈ ಯವ್ವಗ ಬೆಲ್ಟ್ ಕಟ್ಟೂದು ತೋರ್ಸು."

ಭೋಜರಾಜನೇ ತೋರಿಸಿದ. ನಿಲ್ಲುವುದು, ಉಸಿರು ಬಿಡುವುದು, ಮುಷ್ಟಿ ಹಿಡಿಯುವುದು, ಎಲ್ಲ ಅವನೇ. ಅವಳು ಬೇಗ ಕಲಿತಳು. ಕಲಿಸಿದವನಿಗೂ ಖುಷಿ. ಮನೆಗೆ ಹೋಗಿ ಅಂಬುಜಾಗೆ, "ತುಮಕೂರಿನವರು ಒಬ್ಬರು ಬಂದಿದ್ದಾರೆ. ಒಂದು ಸಲ ಹೇಳಿದರೆ ಸಾಕು, ಎರಡನೇ ಸಲ ಕೇಳಲ್ಲ" ಎಂದು ಹೇಳಿಕೊಂಡ.

ಎರಡನೇ ಸಲ ಕೇಳುತ್ತಿರಲಿಲ್ಲ ನಿಜ. ಆದರೆ ಯಾರೂ ಕೇಳದ್ದನ್ನು ಕೇಳುತ್ತಿದ್ದಳು. ಒಂದು ಸಂಜೆ ಪಂಚ್ ಹೊಡೆಯುವಾಗ ನಿಂತು, "ಸರ್, ಒಂದು ಕೈ ಮುಂದೆ ಹೋಗುವಾಗ ಇನ್ನೊಂದನ್ನು ಯಾಕೆ ಸೊಂಟಕ್ಕೆ ಎಳ್ಕೋಬೇಕು? ಅಲ್ಲೇ ಎದೆ ಮುಂದೆ ಇದ್ದರೆ ಕಾಪಾಡಿಕೊಳ್ಳೋಕೆ ಸುಲಭ ಅಲ್ವಾ?" ಎಂದಳು.

ಹದಿನೈದು ವರ್ಷ ಲಕ್ಷ ಸಲ ಕೈಯನ್ನು ಸೊಂಟಕ್ಕೆ ಎಳೆದಿದ್ದ ಭೋಜರಾಜ ತಡವರಿಸಿದ. "ಅದು... ಮೊದಲಿಂದಲೂ ಹಾಗೇ ಮಾ."

ಅವಳು ಮಾಸ್ಟರ್ ಹತ್ತಿರ ಹೋಗಿ ಅದನ್ನೇ ಕೇಳಿದಳು. ಮಾಸ್ಟರ್ ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ತೊಡೆ ತಟ್ಟಿಕೊಂಡು ನಕ್ಕರು. "ಹದಿನೈದು ವರ್ಷಕ್ಕ ಒಬ್ರು ಕೇಳಿದ್ರು ನೋಡು! ಬಾ ಯವ್ವಾ, ನನ್ನ ಕೈ ಹಿಡಿ. ಗಟ್ಟಿ ಹಿಡಿ." ಅವಳು ಮಣಿಕಟ್ಟು ಹಿಡಿದಳು. ಅವರು ಕೈಯನ್ನು ಸೊಂಟಕ್ಕೆ ಎಳೆದುಕೊಂಡ ರಭಸಕ್ಕೆ ಅವಳು ಮುಂದಕ್ಕೆ ಮುಗ್ಗರಿಸಿದಳು; ಅವರ ಇನ್ನೊಂದು ಮುಷ್ಟಿ ಅವಳ ಮೂಗಿನ ಮುಂದೆ ಬಂದು ನಿಂತಿತ್ತು. "ತಿಳೀತ? ಎಳ್ಕೊಳ್ಳೂದು ಬರೇ ಕೈ ಅಲ್ಲ. ಹಿಡದವನ್ನ ಎಳ್ಕೊಳ್ಳೂದು."

ಮಕ್ಕಳು ಚಪ್ಪಾಳೆ ತಟ್ಟಿದವು. ಭೋಜರಾಜನೂ ತಟ್ಟಿದ. ಆದರೆ ಅವನ ಎದೆಯೊಳಗೆ ಸಾಸಿವೆ ಸಿಡಿದಂಥ ಸದ್ದು. ನನಗೆ ಯಾಕೆ ಇದನ್ನು ಹೇಳಿಕೊಡಲಿಲ್ಲ? ನಾನು ಕೇಳಲಿಲ್ಲ. ಕೇಳದಿದ್ದರೆ ಹೇಳಬಾರದೆ? ಅಂದು ರಾಧಾನಗರದ ಮನೆಗೆ ನಡೆದು ಹೋಗುವಷ್ಟು ದೂರವೂ ಅದೇ ಮಾತನ್ನು ಅಗಿದ.

ಆಮೇಲೆ ಅವನು ಎಣಿಸತೊಡಗಿದ. ಮಾಸ್ಟರ್ ಅವಳ ಹತ್ತಿರ ಎಷ್ಟು ಹೊತ್ತು ನಿಂತರು, ತನ್ನ ಹತ್ತಿರ ಎಷ್ಟು ಹೊತ್ತು. ಎದುರಾಳಿ ಇಲ್ಲದೆ ಒಬ್ಬರೇ ಗಾಳಿಗೆ ಮಾಡುವ ವರಸೆಗೆ ಕಾಟಾ ಎನ್ನುತ್ತಾರೆ. ಭೋಜರಾಜನ ಕಾಟಾ ನೋಡಿ ಮಾಸ್ಟರ್ ಇಷ್ಟು ವರ್ಷದಲ್ಲಿ ಹೇಳಿದ್ದು ಒಂದೇ ಮಾತು: "ನಡೀತದ." ಶಿವರಂಜನಿ ಹಸಿರು ಬೆಲ್ಟಿನಲ್ಲಿದ್ದಾಗ ಅವಳ ಕಾಟಾ ಮುಗಿದ ಮೇಲೆ ಅವರು "ಛಲೋ ಮಾಡಿದಿ" ಎಂದರು. ಎರಡೇ ಪದ. ಭೋಜರಾಜ ಆ ಎರಡು ಪದಗಳನ್ನು ಮನೆಗೆ ಹೊತ್ತುಕೊಂಡು ಹೋಗಿ, ಊಟ ಮಾಡದೆ ಮಲಗಿದ.

"ಏನಾಯ್ತು?" ಅಂಬುಜಾ ಕೇಳಿದಳು.

"ಗ್ಯಾಸ್."

ಎರಡು ಸಾವಿರದ ಒಂದರಲ್ಲಿ ಶಿವರಂಜನಿ ಭಾನುವಾರ ಬೆಳಿಗ್ಗೆ ಹೆಂಗಸರ ಕ್ಲಾಸು ಶುರು ಮಾಡಿದಳು. ಲೋಕಲ್ ಟ್ರೇನಿನಲ್ಲಿ ಎಕ್ಸ್‌ಪೋರ್ಟ್ ಕಂಪನಿಗೆ ಹೊಲಿಗೆ ಕೆಲಸಕ್ಕೆ ಹೋಗುವ ಹುಡುಗಿಯರು, ಪಲ್ಲಾವರಂ ಸಂತೆಯಲ್ಲಿ ತರಕಾರಿ ಮಾರುವವರು, ಅವರ ಹೆಣ್ಣುಮಕ್ಕಳು. ಮೊದಲ ವಾರ ಒಂಬತ್ತು ಜನ, ವರ್ಷ ತಿರುಗುವ ಹೊತ್ತಿಗೆ ಅರವತ್ತು. ಬೆಲ್ಟಿಲ್ಲ, ಬಿಳಿ ಅಂಗಿಯಿಲ್ಲ; ಚೂಡಿದಾರಿನ ದುಪಟ್ಟಾ ಸೊಂಟಕ್ಕೆ ಬಿಗಿದು ನಿಲ್ಲುತ್ತಿದ್ದರು. ಟ್ರೇನಿನಲ್ಲಿ ಮೈಮೇಲೆ ಬೀಳುವವನ ಬೆರಳು ಹೇಗೆ ತಿರುಚುವುದು, ಹಿಂದಿನಿಂದ ಹಿಡಿದವನ ಪಾದ ಹೇಗೆ ತುಳಿಯುವುದು, ಇಂಥವನ್ನೇ ಕಲಿಸುತ್ತಿದ್ದಳು. ಪರಂಗಿಮಲೈ ಸ್ಟೇಷನ್ನಿನಲ್ಲಿ ಒಬ್ಬ ಹುಡುಗಿ ಹಾಗೆ ತಿರುಚಿದ ಬೆರಳು ಮುರಿದೇ ಹೋಯಿತೆಂಬ ಸುದ್ದಿ ಬಂದ ದಿನ ಮಂಡಿಯಲ್ಲಿ ಕೇಸರಿಬಾತ್ ಹಂಚಿದರು.

ತಮಿಳು ಪತ್ರಿಕೆಯವರು ಬಂದು ಫೋಟೋ ತೆಗೆದರು. ಭೋಜರಾಜ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬ್ಲ್ಯಾಕ್ ಬೆಲ್ಟ್ ಬಿಗಿದು, ಶಿವರಂಜನಿಯ ಬಲಕ್ಕೆ ನಿಂತಿದ್ದ. ಪತ್ರಿಕೆ ಬಂದ ದಿನ ಕೌಂಟರಿನಲ್ಲಿ ಸಾಲು ನಿಂತ ಜನರನ್ನು ಕಾಯಿಸಿ ಪುಟ ತಿರುವಿದ. ನಡುವೆ ಶಿವರಂಜನಿ, ಹಿಂದೆ ಹೆಂಗಸರು. ಒಂದು ತುದಿಯಲ್ಲಿ ಬಿಳಿ ತೋಳೊಂದು, ಅದರಿಂದ ಹೊರಗೆ ಬಂದ ಮೊಣಕೈ. ಕೆಳಗೆ "ಕರಾಟೆ ಮಾಸ್ಟರ್ ಶಿವರಂಜನಿ" ಎಂದು ಅಚ್ಚಾಗಿತ್ತು. ಅವಳಿಗೆ ಆಗಿನ್ನೂ ಬ್ಲ್ಯಾಕ್ ಬೆಲ್ಟಿಗಿಂತ ಒಂದು ಮೆಟ್ಟಿಲು ಕೆಳಗಿನ ಕಂದು ಬೆಲ್ಟು.

ಅವನು ಪತ್ರಿಕೆಯನ್ನು ಮಡಿಸಿ ಕುರ್ಚಿಯ ಮೇಲಿಟ್ಟು ಅದರ ಮೇಲೆಯೇ ಕೂತ. ಮನೆಗೆ ಬಂದರೆ, ಅದೇ ಪತ್ರಿಕೆಯನ್ನು ಹನ್ನೊಂದು ವರ್ಷದ ಮಗಳು ಶ್ರೀಯಾ ಗೋಡೆಗೆ ಅಂಟಿಸುತ್ತಿದ್ದಳು. ಅಪ್ಪ ಎಷ್ಟು ಕರೆದರೂ ಮಂಡಿಯ ಕಡೆ ತಲೆ ಹಾಕದ ಹುಡುಗಿ.

"ಅಪ್ಪಾ, ನಾನ್ ಸಂಡೇ ಬ್ಯಾಚ್‌ಲ ಸೇರಟ್ಟುಮಾ? ರಂಜನಿ ಆಂಟಿ ಬ್ಯಾಚ್." ಸೇರಿಕೊಳ್ಳಲಾ ಎಂದು ತಮಿಳಿನಲ್ಲೇ ಕೇಳಿದಳು.

"ನಾನು ಆರು ವರ್ಷದಿಂದ ಕರೀತಾ ಇದೀನಲ್ಲೇ?"

"ನೀವು ಕಲಿಸಿದರೆ ಬೋರ್ ಅಪ್ಪಾ," ಎಂದಳು ಶ್ರೀಯಾ. ಕನ್ನಡದಲ್ಲಿ ಅವಳು ಆಡುತ್ತಿದ್ದದ್ದು ದಿನಕ್ಕೆ ನಾಲ್ಕು ಮಾತು. ಅಂದಿನ ಪಾಲಿಗೆ ಇದೂ ಒಂದು.

ಇಲ್ಲಿಯವರೆಗೆ ಭೋಜರಾಜ ತನ್ನ ಉರಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ. ಎರಡು ಸಾವಿರದ ಮೂರರಲ್ಲಿ ಅದು ಕೈಗೆ ಇಳಿಯಿತು.

ಆ ವರ್ಷ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಮಂಡಿಯಿಂದ ಮೂವರು. ವರ್ಷಕ್ಕೊಂದೇ ಸಲ ನಡೆಯುವ ಪರೀಕ್ಷೆ. ಅರ್ಜಿಗಳನ್ನು ಎಗ್ಮೋರಿನಲ್ಲಿದ್ದ ಕರಾಟೆ ಸಂಘದ ಕಚೇರಿಗೆ ಕೊಡಬೇಕು. ಪ್ರತಿ ವರ್ಷದಂತೆ ಮಾಸ್ಟರ್ ಸಹಿ ಹಾಕಿ ಭೋಜರಾಜನ ಕೈಗಿತ್ತರು. ಕಡೆಯ ದಿನದ ಮಧ್ಯಾಹ್ನ ರಜೆ ಹಾಕಿ ಅವನು ಹೋದ. ಹೋಗುವಾಗ ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಇದನ್ನು ಅವನು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ. ಕಿಟಕಿಯ ಮುಂದೆ ನಿಂತು ಚೀಲ ತೆಗೆದ. ಒಂದು ಅರ್ಜಿ ಕೊಟ್ಟ. ಇನ್ನೊಂದು ಕೊಟ್ಟ. ಮೂರನೆಯದರ ಮೂಲೆಯಲ್ಲಿ ಶಿವರಂಜನಿಯ ಫೋಟೋ. ಗುಮಾಸ್ತ ಕನ್ನಡಕ ಸರಿಪಡಿಸಿಕೊಂಡು, "ಅಷ್ಟೇನಾ?" ಎಂದು ತಮಿಳಿನಲ್ಲಿ ಕೇಳಿದ.

"ಅಷ್ಟೇ," ಎಂದ ಭೋಜರಾಜ.

ಹಿಂದಿರುಗುವಾಗ ಪ್ಲಾಟ್‌ಫಾರಂ ಸೇತುವೆಯ ಮೇಲೆ ನಿಂತು ಅರ್ಜಿಯನ್ನು ನಾಲ್ಕಾಗಿ, ಎಂಟಾಗಿ ಹರಿದ. ಚೂರುಗಳು ಕೆಳಗೆ ನಿಂತಿದ್ದ ಗೂಡ್ಸ್ ಗಾಡಿಯ ಮೇಲೆ ಬಿದ್ದವು. ಅವನ ಹೊಟ್ಟೆ ತಣ್ಣಗಿತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ.

ಪಟ್ಟಿಯಲ್ಲಿ ಅವಳ ಹೆಸರಿಲ್ಲವೆಂದು ಗೊತ್ತಾದಾಗ ಮಾಸ್ಟರ್ ಕೇಳಿದರು, "ಭೋಜ್ಯಾ, ಮೂರೂ ಕೊಟ್ಟಿದ್ಯಿಲ್ಲೋ?"

"ಕೊಟ್ಟೆ ಮಾಸ್ಟರ್. ಅವರೇ ಎಲ್ಲೋ ಕಳೆದುಹಾಕಿರಬೇಕು. ರಸೀದಿ ಕೇಳಬೇಕಿತ್ತು, ನನ್ನದೇ ತಪ್ಪು."

ಶಿವರಂಜನಿಯ ಮುಖ ಒಂದು ಕ್ಷಣ ಬಿಳಿಚಿತು. ಮರುಕ್ಷಣ ಅವಳೇ ಅವನ ಹತ್ತಿರ ಬಂದಳು. "ಬಿಡಿ ಸರ್, ನೀವು ಯಾಕೆ ಇಷ್ಟು ಬೇಜಾರು ಮಾಡ್ಕೋತೀರಿ? ಒಂದು ವರ್ಷ ತಾನೆ. ಇನ್ನೂ ಚೆನ್ನಾಗಿ ತಯಾರಾಗ್ತೀನಿ." ಅವನಿಗೆಂದು ಅವಳು ಬೀದಿ ಬದಿಯಿಂದ ಟೀ ತರಿಸಿಕೊಟ್ಟಳು. ಅವನು ಅದನ್ನು ಕುಡಿದ. ತಣ್ಣಗಾಗಿದ್ದ ಹೊಟ್ಟೆ ಮತ್ತೆ ಉರಿಯತೊಡಗಿತು: ಇಷ್ಟು ಒಳ್ಳೆಯವಳಾಗಿರಲು ಇವಳಿಗೆ ಅದೆಷ್ಟು ಸುಲಭ!

ಮುಂದಿನ ವರ್ಷ ಅವಳು ತಾನೇ ಹೋಗಿ ಅರ್ಜಿ ಕೊಟ್ಟು ಬಂದಳು, ಇಡೀ ಜಿಲ್ಲೆಗೆ ಮೊದಲನೆಯವಳಾಗಿ ಪಾಸಾದಳು.

ಎರಡು ಸಾವಿರದ ಐದರ ಆಗಸ್ಟಿನಲ್ಲಿ ಮಾಸ್ಟರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಶಾಲೆ ಇನ್ನು ಯಾರದು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಎಲ್ಲರ ಕಣ್ಣೂ ಕೇಳುತ್ತಿತ್ತು. ಭೋಜರಾಜನಿಗೆ ಅನುಮಾನವೇ ಇರಲಿಲ್ಲ, ಅವಳದೇ. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮಾಸ್ಟರ ಹೆಂಡತಿ ಶಿವಗಂಗಮ್ಮ ಇಬ್ಬರನ್ನೂ ಮನೆಗೆ ಕರೆಸಿದರು. ಮಂಚದ ಮೇಲೆ ದಿಂಬಿಗೆ ಒರಗಿದ್ದ ಮಾಸ್ಟರ್ ಎಡಗೈಯಲ್ಲಿ ಬಳಪ ಹಿಡಿದು, ಮೊಮ್ಮಗಳ ಸ್ಲೇಟಿನ ಮೇಲೆ ಬಹಳ ಹೊತ್ತು ಒದ್ದಾಡಿ ಎರಡು ಅಕ್ಷರ ಬರೆದರು. ಭೋಜ.

"ನಿಂಗ ಒಪ್ಪಿಸ್ಯಾರಪಾ," ಎಂದು ಶಿವಗಂಗಮ್ಮ ಕಣ್ಣೊರೆಸಿಕೊಂಡರು. "ಮೊದಲ ಬಂದಾಂವ ನೀನು."

ಶಿವರಂಜನಿ ಬಗ್ಗಿ ಮಾಸ್ಟರ ಕಾಲು ಮುಟ್ಟಿದಳು, ಭೋಜರಾಜನಿಗೂ ಕೈ ಮುಗಿದಳು. ಅವನು ಗೆದ್ದಿದ್ದ. ಸ್ಟೇಷನ್ ದಾಟಿ ಮನೆಗೆ ಬರುವಷ್ಟರಲ್ಲಿ ಗೆಲುವೆಲ್ಲ ಕರಗಿತ್ತು. "ಮೊದಲು ಬಂದವನು" ಅಂದರು. "ಚೆನ್ನಾಗಿ ಮಾಡುವವನು" ಅನ್ನಲಿಲ್ಲ. ಸಾಲಿನಲ್ಲಿ ಮೊದಲು ನಿಂತವನಿಗೆ ಟಿಕೆಟ್ ಕೊಡುವ ಕೆಲಸ ಅವನದೇ ಅಲ್ಲವೆ? ಆ ಬಗೆಯ ಟಿಕೆಟ್ ತನಗೂ ಸಿಕ್ಕಿತೆಂದು ಅವನಿಗೆ ತೋರಿತು.

ಡಿಸೆಂಬರಿನ ಮೊದಲ ವಾರ ಮಳೆ ಹಿಡಿಯಿತು. ಕೆರೆಯ ಅಂಗಳದಲ್ಲಿ ಎದ್ದ ಕಾಲೊನಿಗಳಿಗೆಲ್ಲ ಸೊಂಟದ ಮಟ್ಟ ನೀರು ನುಗ್ಗಿತು. ಗೋಡೌನು ಎತ್ತರದ ಜಗಲಿಯ ಮೇಲಿದ್ದದ್ದರಿಂದ ಜನ ಅಲ್ಲಿಗೆ ಬಂದರು. ಒಂದೇ ದಿನದಲ್ಲಿ ಇನ್ನೂರು ಜನ, ಕೋಳಿ, ಮೇಕೆ, ಟಿ.ವಿ. ಪೆಟ್ಟಿಗೆಗಳ ಸಮೇತ. ಶಿವರಂಜನಿಯ ಭಾನುವಾರದ ಹೆಂಗಸರು ಕರೆಯದೆಯೇ ಬಂದರು. ಕೋಯಂಬೇಡು ಮಾರ್ಕೆಟ್ಟಿನಿಂದ ಒಂದು ಟೆಂಪೋ ತರಕಾರಿ ತರಿಸಿದರು, ಮೂರು ಒಲೆ ಹೂಡಿದರು, ಬಾಣಂತಿಯರಿಗೆ ಕರಾಟೆ ಚಾಪೆಗಳನ್ನು ಹಾಸಿ ಸೀರೆಯ ಮರೆ ಕಟ್ಟಿದರು. ಶ್ರೀಯಾ ಆಗ ಹದಿನೈದರ ಹುಡುಗಿ. ಶಾಲೆಗೆ ರಜೆ ಇದ್ದದ್ದರಿಂದ ಹಗಲಿಡೀ ಅಲ್ಲೇ ಸೌಟು ಹಿಡಿದಿದ್ದಳು.

ಭೋಜರಾಜ ಕೀಲಿಗೊಂಚಲು ಹಿಡಿದು ಬಾಗಿಲಲ್ಲಿ ನಿಂತಿದ್ದ. ಬಂದವರೆಲ್ಲ ಅವನನ್ನು ಕೇಳುತ್ತಿದ್ದದ್ದು ಒಂದೇ: "ಅಕ್ಕಾ ಎಂಗೆ?" ಅಕ್ಕ ಎಲ್ಲಿ? ಹಾಲು ತಂದವನು ಕೇಳಿದ. ವಾರ್ಡ್ ಮೆಂಬರು ಕೇಳಿದ. ಮಾತ್ರೆ ತಂದ ಡಾಕ್ಟರು ಕೇಳಿದರು. ಮೂರನೆಯ ದಿನ ಬ್ರೆಡ್ ತಂದ ಒಬ್ಬ ಪಡ್ಡೆ ಹುಡುಗ, "ಅಣ್ಣಾ, ಸ್ವಲ್ಪ ಸರಿ. ಅಕ್ಕನ ಹತ್ತಿರ ಕೊಡಬೇಕು" ಎಂದು ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

ಭೋಜರಾಜ ಒಳಗೆ ನುಗ್ಗಿದ. ಇನ್ನೂರು ಜನರ ನಡುವೆ ಅವನ ಗಂಟಲು ತಗಡಿನ ಸೂರಿಗೆ ತಾಗಿತು. "ಏನಮ್ಮಾ, ಯಾರನ್ನ ಕೇಳಿ ಚಾಪೆ ಹಾಸಿದ್ರಿ? ಯಾರನ್ನ ಕೇಳಿ ಒಲೆ ಹಚ್ಚಿದ್ರಿ? ಈ ಶಾಲೆ ಯಾರದು? ಮಾಸ್ಟರ್ ಯಾರ ಹೆಸರು ಬರೆದಿದ್ದು?"

ಅನ್ನ ಬಸಿಯುತ್ತಿದ್ದ ಹೆಂಗಸರು ಹಾಗೇ ನಿಂತರು. ಶಿವರಂಜನಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನಿಮ್ಮ ಹೆಸರು ಸರ್. ಕೀಲಿಯೂ ನಿಮ್ಮ ಹತ್ರಾನೇ ಇದೆ. ಹಿಂದುಗಡೆ ಬಚ್ಚಲಿನ ಬೀಗ ತೆಗೀರಿ. ಬೆಳಗಿನಿಂದ ಹೆಂಗಸರು ಕಾಯ್ತಾ ಇದಾರೆ."

ಯಾರೋ ಕಿಸಕ್ಕನೆ ನಕ್ಕರು. ಭೋಜರಾಜ ಬೀಗ ತೆಗೆದ. ತಿರುಗಿ ಬರುವಾಗ ಶ್ರೀಯಾ ಎದುರಾದಳು. ಮುಖ ಎತ್ತದೆ ಅವನನ್ನು ದಾಟಿ ಹೋದಳು.

ನೀರು ಇಳಿದು ಜನ ಮನೆಗೆ ಮರಳಿದ ಮೇಲೆ, ಒಂದು ಸಂಜೆ ಅವನೂ ಶಿವರಂಜನಿಯೂ ಫಿನಾಯಿಲ್ ಹಾಕಿ ನೆಲ ತೊಳೆಯುತ್ತಿದ್ದರು. ಬಾಗಿಲು ತೆರೆದಿತ್ತು, ಹೊರಗೆ ಸಾಯಿ ಚೆಂಡು ಆಡುತ್ತಿದ್ದ. ಅವಳು ಪೊರಕೆ ನಿಲ್ಲಿಸಿ ಹೇಳಿದಳು: "ಸರ್, ಅವತ್ತು ಅಷ್ಟು ಜನರ ಮುಂದೆ ಬಚ್ಚಲಿನ ಮಾತು ಆಡಬಾರದಿತ್ತು. ತಪ್ಪಾಯ್ತು. ನನಗೆ ಮೊದಲ ಪಾಠ ಹೇಳಿಕೊಟ್ಟವರು ನೀವು."

ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆಯಲಾಗಲಿಲ್ಲ. ವಾಂತಿ ಬಂದ ಹಾಗೆ ಬಂತು: "ನಿಮ್ಮ ಅರ್ಜಿ ಯಾರೂ ಕಳೀಲಿಲ್ಲ. ನಾನು ಹರಿದುಹಾಕಿದೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಬಹಳ ನಿಧಾನವಾಗಿ.

"ಆ ವರ್ಷ ನಮ್ಮ ಮನೇಲಿ ಏನು ನಡೀತು ಗೊತ್ತಾ ಸರ್ ನಿಮಗೆ? ಆ ಸಲ ಬ್ಲ್ಯಾಕ್ ಬೆಲ್ಟ್ ಸಿಗದಿದ್ದರೆ ಎಲ್ಲ ಬಿಟ್ಟುಬಿಡ್ತೀನಿ ಅಂತ ನಮ್ಮ ಯಜಮಾನರಿಗೆ ಮಾತು ಕೊಟ್ಟಿದ್ದೆ. ಆಮೇಲೆ ಇನ್ನೊಂದು ವರ್ಷ ಬೇಡಿಕೊಂಡೆ. ಅತ್ತೆಯ ಹತ್ರ, ಮೈದುನನ ಹತ್ರ, ದಿನಾ. 'ಬೀದಿಯಲ್ಲಿ ಕಾಲೆತ್ತಿ ಒದೆಯೋ ಸೊಸೆ' ಅಂತ ಬಂದವರ ಮುಂದೆಲ್ಲ ಅನ್ನಿಸಿಕೊಂಡೆ. ಒಂದು ವರ್ಷ." ಅವಳ ದನಿ ಏರಲಿಲ್ಲ. "ಒಂದು ಕೇಳ್ತೀನಿ, ನಿಜ ಹೇಳಿ. ಅವತ್ತು ನಾನು ಟೀ ತರಿಸಿಕೊಟ್ಟು ಸಮಾಧಾನ ಮಾಡಿದೆನಲ್ಲ, ಆಗ ನಿಮಗೆ ಏನನ್ನಿಸ್ತು?"

ಸುಳ್ಳು ಹೇಳುವ ಶಕ್ತಿ ಅವನಿಗೆ ಉಳಿದಿರಲಿಲ್ಲ. "ಇನ್ನೂ ಹೊಟ್ಟೆ ಉರೀತು."

ಅವಳು ಚಪ್ಪಲಿ ಮೆಟ್ಟಿಕೊಂಡು, ಸಾಯಿಯನ್ನು ಕರೆದುಕೊಂಡು ಹೋದಳು. ಮತ್ತೆ ಮಂಡಿಗೆ ಬರಲಿಲ್ಲ.

ಒಂದು ತಿಂಗಳಲ್ಲಿ ಪಲ್ಲಾವರಂನ ಒಂದು ಕಲ್ಯಾಣ ಮಂಟಪದ ಅಂಗಳದಲ್ಲಿ ಅವಳ ಕ್ಲಾಸು ಶುರುವಾಯಿತು. ಭಾನುವಾರದ ಅರವತ್ತು ಜನ ಅಲ್ಲಿಗೆ ಹೋದರು, ಅವರ ಹಿಂದೆ ಅವರ ಮಕ್ಕಳು. ಕಾರಣವನ್ನು ಅವಳು ಯಾರಿಗೂ ಹೇಳಲಿಲ್ಲ. ಆಂಟಿ ಯಾಕೆ ಹೋದರು ಎಂದು ಶ್ರೀಯಾ ಪೀಡಿಸಿದಾಗ ಭೋಜರಾಜನೇ ಹೇಳಿದ, ಅಂಬುಜಾಳ ಎದುರಿಗೇ. ಅಂಬುಜಾ ಹಣೆ ಚಚ್ಚಿಕೊಂಡಳು: "ನಿಮಗೆ ಉಪ್ಪು ಖಾರ ಇಲ್ಲ ಅಂತಿದ್ದೆನಲ್ಲಾ ನಾನು ಪೆದ್ದಿ!" ಶ್ರೀಯಾ ಅವನೊಡನೆ ಆಡುತ್ತಿದ್ದ ಆ ನಾಲ್ಕು ಕನ್ನಡದ ಮಾತೂ ನಿಂತವು. ಶನಿವಾರ ಭಾನುವಾರ ಟ್ರೇನು ಹತ್ತಿ ಪಲ್ಲಾವರಂಗೆ ಹೋಗತೊಡಗಿದಳು. ಒಂದೇ ಸ್ಟೇಷನ್ನಿನ ದೂರ.

ಮಾಸ್ಟರಿಗೂ ಹೋಗಿ ಹೇಳಿದ. ಮಂಚದ ಪಕ್ಕ ನೆಲದ ಮೇಲೆ ಕೂತು, ಒಂದೂ ಬಿಡದೆ. ಮಾಸ್ಟರ ಕಣ್ಣಲ್ಲಿ ನೀರಿಳಿಯಿತು. ಆದರೆ ಆ ಕಣ್ಣು ಕಾಯಿಲೆಯ ದಿನದಿಂದಲೂ ಸೋರುತ್ತಿತ್ತು. ಅದು ಯಾವ ನೀರೆಂದು ಅವನಿಗೆ ತಿಳಿಯಲಿಲ್ಲ. ಸ್ಲೇಟು ಕೊಟ್ಟ. ಅವರು ತೆಗೆದುಕೊಳ್ಳಲಿಲ್ಲ.

ಎರಡು ಸಾವಿರದ ಏಳರಲ್ಲಿ ಮಾಸ್ಟರ್ ಲಿಂಗೈಕ್ಯರಾದರು. ಮಣ್ಣಿಗೆ ಎರಡು ಸಾಲು ಶಿಷ್ಯರು ಬಂದರು. ಕ್ರೋಂಪೇಟೆಯ ಸಾಲಿನಲ್ಲಿ ಇಪ್ಪತ್ತೆರಡು ಮಕ್ಕಳು, ಪಲ್ಲಾವರಂ ಸಾಲು ಬೀದಿಯ ತಿರುವಿನವರೆಗೆ. ಗುರುವಿನ ಹೆಣದ ಮುಂದೆಯೂ ಭೋಜರಾಜ ಆ ಸಾಲನ್ನು ಎಣಿಸಿದ. ನೂರಾ ನಾಲ್ಕು. ಎಣಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು, ಆದರೂ ಸಂಖ್ಯೆ ಮರೆಯಲಿಲ್ಲ.

ಅವನ ಹತ್ತಿರ ಉಳಿದದ್ದು ಸಣ್ಣ ಮಕ್ಕಳು. ಐದು, ಆರು, ಏಳರವು. ಬಲ ಎಡ ಗೊತ್ತಿಲ್ಲದವು, ಒದೆಯಲು ಹೋಗಿ ಕೂತುಬಿಡುವವು. ಅವುಗಳಿಗೆ ಕಲಿಸುವುದು ಅವನಿಗೆ ಬರುತ್ತಿತ್ತು. ಒಂದೇ ಹೆಜ್ಜೆಯನ್ನು ನೂರು ಸಲ ಹೇಳಿದರೂ ಅವನಿಗೆ ಬೇಸರವಿರಲಿಲ್ಲ. ಬೆಲ್ಟ್ ಏರಿದ ಮೇಲೆ ಮಕ್ಕಳು ಪಲ್ಲಾವರಂ ಟ್ರೇನು ಹತ್ತುತ್ತಿದ್ದವು. ಅವನು ತಡೆಯಲಿಲ್ಲ. ಹಾಗೆ ಒಂದು ಮಗು ಹೋದ ದಿನ ಮಾತ್ರ ಮನೆಗೆ ಬಂದು "ಗ್ಯಾಸ್" ಎನ್ನುತ್ತಿದ್ದ. ಅಂಬುಜಾ ಈಗ ನಂಬುತ್ತಿರಲಿಲ್ಲ. ಆದರೂ ಒಂದು ಲೋಟ ಜೀರಿಗೆ ನೀರು ಕಾಯಿಸಿ ಕೊಡುತ್ತಿದ್ದಳು.

ಎರಡು ಸಾವಿರದ ಒಂಬತ್ತರ ಫೆಬ್ರವರಿಯಲ್ಲಿ, ಬುಧವಾರದ ಕ್ಲಾಸಿನ ಹೊತ್ತಿಗೆ ಇಬ್ಬರು ಹೆಂಗಸರು ಬಂದು ನಿಂತರು. ಒಬ್ಬರು ರತ್ನಾವತಿ, ರಿಟೈರಾದ ಟೀಚರ್. ಇನ್ನೊಬ್ಬರು ಅವರ ನಾದಿನಿ ಚಂದ್ರಮತಿ, ಮಂಡಿನೋವಿನವರು. ಇಬ್ಬರಿಗೂ ಐವತ್ತೈದು ದಾಟಿತ್ತು.

"ಶಿವರಂಜನಿ ಕಳಿಸಿದ್ದಾರೆ," ಎಂದರು ರತ್ನಾವತಿ. "ಅವರ ಕ್ಲಾಸಿನಲ್ಲಿ ಎಲ್ಲ ಎಳೇ ಹುಡುಗೀರು, ಜಿಂಕೆ ಹಾಗೆ ಹಾರ್ತಾರೆ. ನಮಗೆ ಸರಿ ಹೋಗಲಿಲ್ಲ. ಕ್ರೋಂಪೇಟೆಗೆ ಹೋಗಿ, ಅಲ್ಲಿ ನಿಧಾನವಾಗಿ ಕಲಿಸೋರು ಇದಾರೆ, ನನಗೆ ಆ ತಾಳ್ಮೆ ಇಲ್ಲ ಅಂದ್ರು."

ಭೋಜರಾಜ ಕೇಳಿದ: "ಇನ್ನೇನಾದರೂ ಅಂದ್ರಾ?"

"ಇನ್ನೇನು?" ರತ್ನಾವತಿ ನಾದಿನಿಯ ಮುಖ ನೋಡಿದರು. "ಏನೂ ಇಲ್ಲಪ್ಪ."

ಕ್ಷಮಿಸಿದ್ದೇನೆ ಎಂಬ ಮಾತಿಲ್ಲ. ನಮಸ್ಕಾರ ಹೇಳಿ ಎಂಬುದೂ ಇಲ್ಲ. ಕಲಿಯಬೇಕಾದವರನ್ನು ಕಲಿಸಬಲ್ಲವನ ಹತ್ತಿರ ಕಳಿಸಿದ್ದಳು, ಅಷ್ಟೇ. ಭೋಜರಾಜ ಇಬ್ಬರಿಗೂ ಕುರ್ಚಿ ತರಿಸಿ, ಮೊದಲ ದಿನ ಕುರ್ಚಿಯ ಬೆನ್ನು ಹಿಡಿದು ನಿಲ್ಲುವುದನ್ನು ತೋರಿಸಿದ. ಮೊಣಕಾಲು ಎಷ್ಟು ಬಗ್ಗಿದರೆ ನೋವು, ಎಷ್ಟಕ್ಕೆ ಇಲ್ಲ ಎಂದು ಚಂದ್ರಮತಿಯನ್ನು ಮತ್ತೆ ಮತ್ತೆ ಕೇಳಿ ಕಾಲಿನ ಅಂತರ ಹೊಂದಿಸಿದ. ಚಂದ್ರಮತಿಗೆ ಬಾಯಿ ನಿಲ್ಲುತ್ತಿರಲಿಲ್ಲ. "ಆ ರಂಜನಿ ಇದಾಳಲ್ಲ, ಏನು ಹೆಣ್ಣು ಸರ್ ಅದು! ಕಾಲೆತ್ತಿದರೆ ಗಾಳಿ ಸೀಳಿದ ಹಾಗೆ. ನೀವು ನೋಡಿದೀರಾ?"

"ನೋಡಿದೀನಿ," ಎಂದ ಭೋಜರಾಜ. ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಒಮ್ಮೆ ಮಗ್ಗುಲು ಬದಲಿಸಿತು. "ಛಲೋ ಮಾಡ್ತಾರೆ. ಎಲ್ಲಿ, ಈಗ ಎಡಗಾಲು ಮುಂದಿಡಿ ಅಮ್ಮಾ. ಮೆಲ್ಲಗೆ. ಅವಸರ ಇಲ್ಲ."